ಹೊಸ್ತಿಲು ದಾಟುವ ಆ ಕ್ಷಣ

ಬಸವಕಲ್ಯಾಣದ ಕೋಟೆಯನ್ನು ನೋಡಿದವರಿಗೆ ಗೊತ್ತು, ಒಳಗೆ ಹೋಗಬೇಕಾದರೆ ಒಂದರ ನಂತರ ಒಂದು ಬಾಗಿಲನ್ನು ದಾಟಬೇಕು. ಗೋಡೆ ಎಷ್ಟೇ ಉದ್ದವಿರಲಿ, ಹಗೆಯ ದಾರಿ ಕಿರಿದಾಗುವುದು ಬಾಗಿಲಲ್ಲಿ. ಬರುವವನಿಗೆ ಒಳಗಿರುವುದು ಕಾಣದು. ಒಳಗಿರುವವನಿಗೆ ಮಾತ್ರ ಇವನು ಎಲ್ಲಿಂದ ಬರುತ್ತಾನೆಂಬುದು ಗೊತ್ತು. ಒತ್ತೆಯಾಳುಗಳಿರುವ ಕೋಣೆಗೆ ನುಗ್ಗುವ ಇಂದಿನ ಕಮಾಂಡೋಗಳ ಕಷ್ಟವೂ ಇದೇ.

ಇದಕ್ಕೆ ಬೇಕಾದುದು ಬರೀ ಧೈರ್ಯವೇ? ಒಂದು ಪ್ರಯೋಗ ಮಾಡಿ ನೋಡಿ. ಹುಮನಾಬಾದಿನ ಯಾವುದೇ ಶಾಲೆಯಲ್ಲೂ ಇದು ಸಾಧ್ಯ. ಗೆಳೆಯನೊಬ್ಬ 30 ಸೆಂಟಿಮೀಟರಿನ ಸ್ಕೇಲನ್ನು ನೇರವಾಗಿ ಹಿಡಿದು ಬಿಡಲಿ. ಅದರ ಕೆಳತುದಿಯ ಬಳಿ ಬೆರಳಿಟ್ಟ ನೀವು ಹಿಡಿಯಿರಿ. ಸ್ಕೇಲು ಸುಮಾರು 20 ಸೆಂಟಿಮೀಟರ್ ಜಾರಿದರೆ ನೀವು ತೆಗೆದುಕೊಂಡ ಕಾಲ 0.2 ಸೆಕೆಂಡು. ಈಗ ಗೆಳೆಯ ಎರಡೂ ಕೈಗಳಲ್ಲಿ ಸ್ಕೇಲು ಹಿಡಿದು, ಯಾವುದಾದರೂ ಒಂದನ್ನು ಬಿಡಲಿ. ಬಿದ್ದುದನ್ನು ಮಾತ್ರ ಹಿಡಿಯಬೇಕು. ಅನೇಕ ಸಲ ಅದು ಪೂರ್ತಿ ಜಾರಿ ನೆಲ ಸೇರುತ್ತದೆ! ಆಯ್ಕೆ ಹೆಚ್ಚಿದಂತೆ ನಿರ್ಧಾರದ ಕಾಲವೂ ಹೆಚ್ಚುತ್ತದೆಂದು ಬ್ರಿಟನ್ನಿನ ಡಬ್ಲ್ಯು. ಇ. ಹಿಕ್ 1952ರಲ್ಲಿ ಅಳೆದು ತೋರಿಸಿದರು.

ತರಬೇತಿಯ ಗುಟ್ಟು ಇಲ್ಲಿದೆ. ಯಾರು ಯಾವ ಮೂಲೆಯನ್ನು ನೋಡಬೇಕೆಂಬುದನ್ನು ಹೊರಗೇ ನಿಶ್ಚಯಿಸಿಕೊಂಡರೆ, ಒಳಗೆ ಮಾಡಬೇಕಾದ ಆಯ್ಕೆಗಳು ಕಡಿಮೆಯಾಗುತ್ತವೆ. ಮೊದಲು ಖಾಲಿ ಕೋಣೆಯಲ್ಲಿ, ನಿಧಾನವಾಗಿ, ಗುಂಡಿಲ್ಲದೆ ಅಭ್ಯಾಸ, ವೇಗ ಆಮೇಲೆ. ಆದರೆ ಒಂದು ಆಯ್ಕೆಯನ್ನು ಮಾತ್ರ ಯಾರೂ ಮೊದಲೇ ಮಾಡಿಡಲಾರರು: ಎದುರಿಗಿರುವವನು ಯಾರು? ಅದಕ್ಕೇ ಅಭ್ಯಾಸದ ಗುರಿಚಿತ್ರಗಳಲ್ಲಿ ಕೆಲವರ ಕೈಯಲ್ಲಿ ಬಂದೂಕು, ಕೆಲವರ ಕೈಯಲ್ಲಿ ಬರೀ ಚೀಲ. ಮುಖಕ್ಕಿಂತ ಮೊದಲು ಕೈ ನೋಡಲು ಕಲಿಯುತ್ತಾರೆ. ಭಯದಲ್ಲಿ ಅಡ್ರಿನಾಲಿನ್ ಏರಿ, ಎದೆಬಡಿತ ಹೆಚ್ಚಿ, ಗಮನ ಒಂದೇ ಕಡೆ ನಾಟುತ್ತದೆ. ಪಕ್ಕದಲ್ಲಿರುವುದು ಕಂಡೂ ಕಾಣದಂತಾಗುತ್ತದೆ. ಆಗಲೂ ಗುಂಡು ಹಾರಿಸದೆ ತಡೆದುಕೊಳ್ಳುವುದು ಹಾರಿಸುವುದಕ್ಕಿಂತ ಕಠಿಣ ವಿದ್ಯೆ. ಅಲ್ಲಿ ತಪ್ಪಿದರೆ ಬಿಡಿಸಬೇಕಾದವರೇ ಸಾಯುತ್ತಾರೆ. ಮಾತುಕತೆಯಿಂದ ಸಮಯ ಸಿಗುವಂತಿದ್ದರೆ ಒಳನುಗ್ಗದೆ ಕಾಯುವುದೂ ಪಾಠದ ಭಾಗವೇ.

ಇಷ್ಟೆಲ್ಲ ಕಲಿತರೂ ಅಪಾಯ ಉಳಿದೇ ಇರುತ್ತದೆ. 2008ರ ನವೆಂಬರಿನಲ್ಲಿ ಮುಂಬೈಯ ತಾಜ್ ಹೋಟೆಲಿನಲ್ಲಿ ರಾಷ್ಟ್ರೀಯ ಭದ್ರತಾ ದಳದ ತಂಡವನ್ನು ನಡೆಸಿದವರು ಬೆಂಗಳೂರಿನಲ್ಲಿ ಬೆಳೆದ ಮೇಜರ್ ಸಂದೀಪ್ ಉನ್ನಿಕೃಷ್ಣನ್. ಗಾಯಗೊಂಡ ಸಂಗಾತಿಯನ್ನು ಮೊದಲು ಹೊರಗೆ ಸಾಗಿಸಿ, ತಾವು ಮುಂದೆ ಹೋಗಿ ನವೆಂಬರ್ 28ರಂದು ಪ್ರಾಣ ತೆತ್ತರು. ಅವರಿಗೆ ಮರಣೋತ್ತರವಾಗಿ ಅಶೋಕ ಚಕ್ರ ಸಂದಿತು. ಆ ದಾಳಿಯ ನಂತರ ಕರ್ನಾಟಕ ಪೊಲೀಸರೂ ‘ಗರುಡ’ ಎಂಬ ಪಡೆಯನ್ನು ಕಟ್ಟಿದರು.

ಸಿನಿಮಾದಲ್ಲಿ ನಾಯಕ ಒಬ್ಬನೇ ಬಾಗಿಲು ಒದ್ದು ಒಳಗೆ ಹಾರುತ್ತಾನೆ. ನಿಜವಾದ ಕಮಾಂಡೋ ತಂಡದವರ ಜೊತೆ ಹೊಸ್ತಿಲು ದಾಟುತ್ತಾನೆ, ದಾಟುವ ಮೊದಲು ನೂರು ಸಲ ಅಭ್ಯಾಸ ಮಾಡಿರುತ್ತಾನೆ. ಮುಂದಿನ ಸಲ ಅಂಥ ದೃಶ್ಯ ನೋಡುವಾಗ ಆ ಎರಡು ಸ್ಕೇಲುಗಳನ್ನು ನೆನಪಿಸಿಕೊಳ್ಳಿ.