ಮೊದಲೇ ಬರೆದಿಟ್ಟ ಮಾತು

ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಒಂದಷ್ಟು ವಿದ್ಯಾರ್ಥಿಗಳನ್ನು ಪ್ರಯೋಗಾಲಯಕ್ಕೆ ಕರೆದು ಹಾಡು ಕೇಳಿಸಿದರು. ಕೆಲವರಿಗೆ ಬೀಟಲ್ಸ್ ತಂಡದ 'ವೆನ್ ಐಯಾಮ್ ಸಿಕ್ಸ್‌ಟಿ ಫೋರ್', ಇನ್ನು ಕೆಲವರಿಗೆ ವಿಂಡೋಸ್ 7 ಜೊತೆ ಕಂಪ್ಯೂಟರಿನಲ್ಲೇ ಬರುತ್ತಿದ್ದ 'ಕಲಿಂಬಾ' ಎಂಬ ವಾದ್ಯಸಂಗೀತ. ಆಮೇಲೆ ಹಾಡಿಗೂ ಇದಕ್ಕೂ ಸಂಬಂಧವೇ ಇಲ್ಲ ಎಂಬಂತೆ ಅವರ ಹುಟ್ಟಿದ ತಾರೀಖನ್ನೂ ತಂದೆಯ ವಯಸ್ಸನ್ನೂ ಬರೆಸಿಕೊಂಡರು. 20 ಜನರ ಲೆಕ್ಕ ಹಾಕಿ, ತಂದೆಯ ವಯಸ್ಸಿನ ವ್ಯತ್ಯಾಸವನ್ನು ಸರಿದೂಗಿಸಿ ನೋಡಿದಾಗ ಬೀಟಲ್ಸ್ ಕೇಳಿದವರ ಸರಾಸರಿ ವಯಸ್ಸು 20.1 ವರ್ಷ, ಕಲಿಂಬಾ ಕೇಳಿದವರದು 21.5. ಹಾಡು ಕೇಳಿದ್ದರಿಂದ ವಯಸ್ಸು ಸುಮಾರು ಒಂದೂವರೆ ವರ್ಷ ಕಡಿಮೆಯಾಯಿತು! ಮನಸ್ಸಿಗೆ ಚಿಕ್ಕವರಾದಂತೆ ಅನಿಸಿತು ಎಂದಲ್ಲ, ಹುಟ್ಟಿದ ದಿನದಿಂದ ಎಣಿಸಿದ ವಯಸ್ಸೇ ಇಳಿಯಿತು.

2011ರಲ್ಲಿ 'ಸೈಕಲಾಜಿಕಲ್ ಸೈನ್ಸ್' ಪತ್ರಿಕೆಯಲ್ಲಿ ಇದನ್ನು ಪ್ರಕಟಿಸಿದವರು ಜೋಸೆಫ್ ಸಿಮ್ಮನ್ಸ್, ಲೀಫ್ ನೆಲ್ಸನ್ ಮತ್ತು ಯೂರಿ ಸೈಮನ್‌ಸೋನ್. ಅವರು ಒಂದು ಅಂಕಿಯನ್ನೂ ಕಟ್ಟಿ ಹೇಳಿರಲಿಲ್ಲ. ವಿದ್ಯಾರ್ಥಿಗಳು ನಿಜ, ಉತ್ತರಗಳು ನಿಜ, ಲೆಕ್ಕವೂ ನಿಜ. ಮನೋವಿಜ್ಞಾನಿಗಳು ದಿನವೂ ಬಳಸುತ್ತಿದ್ದ ವಿಧಾನಗಳನ್ನೇ ಅವರೂ ಬಳಸಿದ್ದರು. ಅಸಾಧ್ಯವೆಂದು ಎಲ್ಲರಿಗೂ ಗೊತ್ತಿರುವ ಸಂಗತಿಯನ್ನು ಅದೇ ವಿಧಾನಗಳಿಂದ 'ಸಾಬೀತು' ಮಾಡಿ ತೋರಿಸುವುದೇ ಅವರ ಉದ್ದೇಶವಾಗಿತ್ತು.

ಅದು ಸಾಧ್ಯವಾದದ್ದು ಹೇಗೆಂದು ತಿಳಿಯಲು 0.05 ಎಂಬ ಸಂಖ್ಯೆಯ ಪರಿಚಯ ಬೇಕು. ಇಂಗ್ಲೆಂಡಿನ ರೊಥಾಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿದ್ದ ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಶರ್ 1925ರಲ್ಲಿ ತಮ್ಮ ಪುಸ್ತಕದ ಮೂಲಕ ಇದನ್ನು ರೂಢಿಗೆ ತಂದರು. ಒಂದು ಗೊಬ್ಬರಕ್ಕೋ ಔಷಧಕ್ಕೋ ಯಾವ ಗುಣವೂ ಇಲ್ಲ ಎಂದಿಟ್ಟುಕೊಳ್ಳಿ. ಆದರೂ ಬರೀ ಆಕಸ್ಮಿಕವಾಗಿ ಇಷ್ಟು ಅಥವಾ ಇದಕ್ಕಿಂತ ದೊಡ್ಡ ವ್ಯತ್ಯಾಸ ಕಾಣಿಸುವ ಸಂಭವ ಎಷ್ಟು? ಆ ಸಂಭವವೇ ಪಿ-ಮೌಲ್ಯ. ಅದು ನೂರಕ್ಕೆ ಐದಕ್ಕಿಂತ ಕಡಿಮೆಯಿದ್ದರೆ ಫಲಿತಾಂಶ ಗಮನಕ್ಕೆ ಅರ್ಹ. ಫಿಶರ್ ಅದನ್ನು ಮುಂದಿನ ಪ್ರಯೋಗಕ್ಕೆ ಹೋಗಬಹುದೇ ಎಂದು ತಿಳಿಯುವ ಸೂಚನೆಯಾಗಿ ಕಂಡಿದ್ದರು. ಕಾಲ ಕಳೆದಂತೆ ಅದು ಪ್ರಕಟಣೆಯ ಹೆಬ್ಬಾಗಿಲಾಯಿತು. 0.05ರ ಒಳಗಿದ್ದರೆ ಪ್ರಬಂಧ, ಹೊರಗಿದ್ದರೆ ಬೀರು. ಕೆಲಸ, ಬಡ್ತಿ, ಅನುದಾನ ಎಲ್ಲವೂ ಈ ಗೆರೆಯ ಸುತ್ತ ಸುತ್ತತೊಡಗಿದವು.

ಹಾಡಿನ ಪ್ರಯೋಗದಲ್ಲಿ ಏನೇನು ಬಚ್ಚಿಟ್ಟಿದ್ದೆವು ಎಂಬುದನ್ನು ಲೇಖಕರು ಅದೇ ಪ್ರಬಂಧದಲ್ಲಿ ಬಿಚ್ಚಿಟ್ಟರು. ಭಾಗವಹಿಸಿದ್ದವರು ನಿಜಕ್ಕೂ 34 ಜನ. ಮಕ್ಕಳ ಹಾಡೊಂದನ್ನು ಕೇಳಿದ ಮೂರನೆಯ ಗುಂಪೂ ಇತ್ತು, ಅದನ್ನು ಕೈಬಿಟ್ಟಿದ್ದರು. ಕೇಳಿದ್ದು ತಂದೆಯ ವಯಸ್ಸನ್ನು ಮಾತ್ರವಲ್ಲ. ತಾಯಿಯ ವಯಸ್ಸು, ರಾಜಕೀಯ ಒಲವು, ನೂರರ ವರ್ಗಮೂಲ, 'ಆ ಕಾಲವೇ ಚೆನ್ನಾಗಿತ್ತು' ಎಂದು ಎಷ್ಟು ಸಲ ಹೇಳುತ್ತೀರಿ ಎಂಬುದು, ಹೀಗೆ ಪ್ರಶ್ನೆಗಳ ಉದ್ದ ಪಟ್ಟಿಯೇ ಇತ್ತು. ಹತ್ತು ಹತ್ತು ಜನರ ಉತ್ತರ ಬಂದಂತೆಲ್ಲ ಲೆಕ್ಕ ಹಾಕಿ ನೋಡುತ್ತಿದ್ದರು, ಯಾವಾಗ ನಿಲ್ಲಿಸಬೇಕೆಂದು ಮೊದಲೇ ನಿರ್ಧರಿಸಿರಲಿಲ್ಲ. ತಂದೆಯ ವಯಸ್ಸಿನ ಹೊಂದಾಣಿಕೆ ತೆಗೆದುಬಿಟ್ಟರೆ ಪಿ-ಮೌಲ್ಯ 0.33ಕ್ಕೆ ಹಾರುತ್ತಿತ್ತು, ಆ ಮಾಯದ ಒಂದೂವರೆ ವರ್ಷ ಕರಗಿಹೋಗುತ್ತಿತ್ತು.

ಇಂಥ ಸಣ್ಣ ಸಣ್ಣ ಸಡಿಲಿಕೆಗಳ ಬೆಲೆ ಎಷ್ಟೆಂದು ಅವರು ಕಂಪ್ಯೂಟರಿನಲ್ಲಿ ಸಾವಿರಾರು ಕಾಲ್ಪನಿಕ ಪ್ರಯೋಗ ಓಡಿಸಿ ಅಳೆದರು. ಒಂದರ ಬದಲು ಎರಡು ಅಳತೆ ಇಟ್ಟುಕೊಂಡು ಚೆನ್ನಾಗಿ ಬಂದದ್ದನ್ನು ಆರಿಸಿಕೊಂಡರೆ, ನೂರಕ್ಕೆ 5 ಇರಬೇಕಾದ ಸುಳ್ಳು ಫಲಿತಾಂಶ 9.5 ಆಗುತ್ತದೆ. ಫಲಿತಾಂಶ ಸಾಲದೆಂದು ಇನ್ನಷ್ಟು ಜನರನ್ನು ಸೇರಿಸುವುದು, ಗಂಡು ಹೆಣ್ಣು ಎಂದು ಬೇರ್ಪಡಿಸಿ ನೋಡುವುದು, ಒಂದು ಗುಂಪನ್ನು ಬಿಡುವುದು, ಈ ನಾಲ್ಕೂ ಕೂಡಿದರೆ ಆ ಸಂಖ್ಯೆ 60.7. ಇಲ್ಲದ್ದನ್ನು ಇದೆ ಎಂದು ತೋರಿಸುವ ಸಾಧ್ಯತೆ ಅರ್ಧಕ್ಕಿಂತ ಹೆಚ್ಚು! ಅದೂ ಯಾರೊಬ್ಬರೂ ಮೋಸ ಮಾಡದೆ. ನನ್ನ ದೃಷ್ಟಿಯಲ್ಲಿ ಈ ಶತಮಾನದ ವಿಜ್ಞಾನ ತನ್ನ ಬಗ್ಗೆಯೇ ಕಂಡುಕೊಂಡ ಸತ್ಯಗಳಲ್ಲಿ ಇದು ಬಹಳ ದೊಡ್ಡದು. ಅದೇ ವರ್ಷ ನೆದರ್‌ಲ್ಯಾಂಡ್ಸ್‌ನ ಡೀಡರಿಕ್ ಸ್ಟಾಪೆಲ್ ಎಂಬ ಹೆಸರಾಂತ ಮನೋವಿಜ್ಞಾನಿ ದತ್ತಾಂಶವನ್ನೇ ಸೃಷ್ಟಿಸಿ ಸಿಕ್ಕಿಬಿದ್ದರು. ಕಳ್ಳನನ್ನು ಹೊರಹಾಕಬಹುದು. ಪ್ರಾಮಾಣಿಕರು ತಮಗೇ ತಿಳಿಯದೆ ತಪ್ಪುವುದನ್ನು ತಡೆಯುವುದು ಅದಕ್ಕಿಂತ ಎಷ್ಟೋ ಕಷ್ಟ.

2011ರಲ್ಲೇ ಮತ್ತೊಂದು ಪ್ರಬಂಧ ಗದ್ದಲ ಎಬ್ಬಿಸಿತ್ತು. ಕಾರ್ನೆಲ್ ವಿಶ್ವವಿದ್ಯಾಲಯದ ಹಿರಿಯ ಮನೋವಿಜ್ಞಾನಿ ಡ್ಯಾರಿಲ್ ಬೆಮ್, ಮನುಷ್ಯರಿಗೆ ಭವಿಷ್ಯದ ಸುಳಿವು ಸಿಗುತ್ತದೆ ಎಂದು ಒಂಬತ್ತು ಪ್ರಯೋಗಗಳ ಆಧಾರದ ಮೇಲೆ ವಾದಿಸಿದರು. ಪರದೆಯ ಮೇಲೆ ಎರಡು ತೆರೆಗಳು, ಒಂದರ ಹಿಂದೆ ಚಿತ್ರ. ವಿದ್ಯಾರ್ಥಿ ಆರಿಸಿದ ಮೇಲಷ್ಟೇ ಚಿತ್ರ ಎಲ್ಲಿರಬೇಕೆಂದು ಕಂಪ್ಯೂಟರ್ ತೀರ್ಮಾನಿಸುತ್ತಿತ್ತು. ಶೃಂಗಾರದ ಚಿತ್ರಗಳಿದ್ದಾಗ 53.1 ಶೇಕಡಾ ಸಲ ಊಹೆ ಸರಿಯಾಯಿತು ಎಂದರು ಬೆಮ್. ಅದನ್ನು ಪ್ರಕಟಿಸಿದ್ದು ಆ ಕ್ಷೇತ್ರದ ಅತ್ಯಂತ ಗೌರವದ ಪತ್ರಿಕೆಗಳಲ್ಲೊಂದು. ಬ್ರಿಟನ್ನಿನ ಮೂವರು ಬೆಮ್ ಅವರ ಇನ್ನೊಂದು ಪ್ರಯೋಗವನ್ನು ಮತ್ತೆ ಮಾಡಿ, ಏನೂ ಸಿಗಲಿಲ್ಲ ಎಂದು ಅದೇ ಪತ್ರಿಕೆಗೆ ಕಳಿಸಿದರೆ, ಮರುಪ್ರಯೋಗಗಳನ್ನು ನಾವು ಪ್ರಕಟಿಸುವುದಿಲ್ಲ ಎಂಬ ಉತ್ತರ ಬಂತು. ಕೊನೆಗೆ 2012ರಲ್ಲಿ ಅದು 'ಪ್ಲೋಸ್ ಒನ್' ಪತ್ರಿಕೆಯಲ್ಲಿ ಬೆಳಕು ಕಂಡಿತು.

ವರ್ಜೀನಿಯಾ ವಿಶ್ವವಿದ್ಯಾಲಯದ ಮನೋವಿಜ್ಞಾನಿ ಬ್ರಯನ್ ನೊಸೆಕ್ ಅವರ ಅನುಭವ ಇನ್ನೂ ಹತ್ತಿರದ್ದು. ಅವರೂ ವಿದ್ಯಾರ್ಥಿ ಮ್ಯಾಟ್ ಮೊಟಿಲ್ ಅವರೂ ಸೇರಿ 1,979 ಜನರಿಗೆ ಬೂದು ಬಣ್ಣದ ಬೇರೆ ಬೇರೆ ಛಾಯೆಗಳಲ್ಲಿದ್ದ ಪದಗಳನ್ನು ತೋರಿಸಿ, ಅದೇ ಛಾಯೆಯನ್ನು ಗುರುತಿಸಿ ಎಂದಿದ್ದರು. ರಾಜಕೀಯದಲ್ಲಿ ಮಧ್ಯಮ ನಿಲುವಿನವರು ಛಾಯೆಯನ್ನು ಹೆಚ್ಚು ಸರಿಯಾಗಿ ಹಿಡಿದರು. ಎಡ ಬಲಗಳ ತೀವ್ರ ನಿಲುವಿನವರು ಎಡವಿದರು. ಪಿ-ಮೌಲ್ಯ 0.01. ಕಡು ನಿಲುವಿನವರಿಗೆ ಲೋಕವೇ ಕಪ್ಪು ಬಿಳುಪಾಗಿ ಕಾಣುತ್ತದೆ ಎಂಬ ಮನಮುಟ್ಟುವ ತೀರ್ಮಾನ ಕೈಯಲ್ಲೇ ಇತ್ತು. ಪ್ರಕಟಿಸಿದ್ದರೆ ಮರುದಿನ ಪತ್ರಿಕೆಗಳ ಮುಖಪುಟದಲ್ಲಿ ಬರುವಂಥದ್ದು. ಆದರೆ ಅವರು ಕಳಿಸುವ ಮುಂಚೆ ಇನ್ನೊಮ್ಮೆ, ಈ ಸಲ 1,300 ಜನರೊಂದಿಗೆ, ಪ್ರಯೋಗ ಮಾಡಿದರು. ಪಿ-ಮೌಲ್ಯ 0.59. ಹಿಂದಿನದು ನಿಜವೇ ಆಗಿದ್ದರೆ ಅಷ್ಟು ಜನರಲ್ಲಿ ಅದು ಕಾಣಿಸದೇ ಇರುವ ಸಾಧ್ಯತೆ ತೀರಾ ಕಡಿಮೆ. ಆ ತೀರ್ಮಾನ ಅಲ್ಲಿಗೇ ನಿಂತಿತು. ಮುಖಪುಟದ ಸುದ್ದಿಯನ್ನು ಕೈಯಾರೆ ಅಳಿಸಿದ ಈ ಕತೆಯನ್ನು 2012ರಲ್ಲಿ ಅವರೇ ಬರೆದು ಎಲ್ಲರ ಮುಂದಿಟ್ಟರು. ನೊಸೆಕ್ ಬಗ್ಗೆ ನನಗೆ ಗೌರವ ಹುಟ್ಟಿದ್ದು ಇಲ್ಲಿ.

ನೊಸೆಕ್ ಅಷ್ಟಕ್ಕೇ ಬಿಡಲಿಲ್ಲ. 270 ಸಂಶೋಧಕರ ತಂಡ ಕಟ್ಟಿ, ಮೂರು ಹೆಸರಾಂತ ಪತ್ರಿಕೆಗಳಲ್ಲಿ 2008ರಲ್ಲಿ ಬಂದಿದ್ದ 100 ಅಧ್ಯಯನಗಳನ್ನು ಮತ್ತೆ ಮಾಡಿಸಿದರು. 2015ರ ಆಗಸ್ಟಿನಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಫಲಿತಾಂಶ ಬಂತು. ಮೂಲದಲ್ಲಿ 97 ಶೇಕಡಾ 0.05ರ ಗೆರೆಯ ಒಳಗಿದ್ದವು, ಮರುಪ್ರಯೋಗದಲ್ಲಿ ಒಳಗೆ ಉಳಿದದ್ದು 36 ಶೇಕಡಾ. ಮನೋವಿಜ್ಞಾನವನ್ನು ನೋಡಿ ನಗುವವರಿಗೂ ಸಮಾಧಾನವಿರಲಿಲ್ಲ. ಆಮ್ಜೆನ್ ಎಂಬ ಔಷಧ ಕಂಪನಿಯಲ್ಲಿದ್ದ ಗ್ಲೆನ್ ಬೆಗ್ಲಿ, ಹೊಸ ಔಷಧಕ್ಕೆ ದಾರಿ ತೋರಬೇಕಿದ್ದ 53 ಪ್ರಮುಖ ಅಧ್ಯಯನಗಳಲ್ಲಿ ಕೇವಲ 6 ಮಾತ್ರ ತಮ್ಮ ಪ್ರಯೋಗಾಲಯದಲ್ಲಿ ನಿಂತವು ಎಂದು 2012ರಲ್ಲೇ ಬರೆದಿದ್ದರು. ಅವು ಬಹುಪಾಲು ಕ್ಯಾನ್ಸರಿಗೆ ಸಂಬಂಧಿಸಿದ್ದವು. ಅವನ್ನು ನಂಬಿ ರೋಗಿಗಳು ಕಾಯುತ್ತಾರೆ.

ರೋಗ ಗೊತ್ತಾಯಿತು, ಮದ್ದು? ಅದು ಹಳೆಯದೇ. 1956ರಲ್ಲೇ ಡಚ್ ಮನೋವಿಜ್ಞಾನಿ, ಚದುರಂಗದ ಆಟಗಾರ ಏಡ್ರಿಯನ್ ಡಿ ಗ್ರೋಟ್, ಹುಡುಕಾಟವೇ ಬೇರೆ, ಪರೀಕ್ಷೆಯೇ ಬೇರೆ ಎಂದು ಸ್ಪಷ್ಟವಾಗಿ ಬರೆದಿದ್ದರು. ದತ್ತಾಂಶ ನೋಡುವ ಮುಂಚೆ ಊಹೆಯನ್ನೂ ಲೆಕ್ಕದ ವಿಧಾನವನ್ನೂ ಬರೆದಿಡದಿದ್ದರೆ ಪಿ-ಮೌಲ್ಯಕ್ಕೆ ಅರ್ಥವೇ ಇಲ್ಲ ಎಂಬುದು ಅವರ ಮಾತಿನ ಸಾರ. ಹೆರಿಗೆಯಾದ ಮೇಲೆ 'ಗಂಡು ಅಂತ ನಾನು ಆಗಲೇ ಹೇಳಿದ್ದೆನಲ್ಲ' ಎನ್ನುವ ಜೋಯಿಸರನ್ನು ಯಾರೂ ನಂಬುವುದಿಲ್ಲ. ಚೀಟಿ ಮೊದಲೇ ಬರೆದು ಇನ್ನೊಬ್ಬರ ಕೈಯಲ್ಲಿಟ್ಟಿದ್ದರೆ ಮಾತು ಬೇರೆ. ಹುಡುಕಾಟ ತಪ್ಪೆಂದು ಇದರರ್ಥವಲ್ಲ. ಅನಿರೀಕ್ಷಿತವಾದದ್ದನ್ನು ಕಾಣುವುದು ಹುಡುಕಾಟದಲ್ಲೇ. ಆದರೆ ಹುಡುಕಿ ಸಿಕ್ಕಿದ್ದನ್ನು ಮೊದಲೇ ಊಹಿಸಿದ್ದೆವು ಎಂದು ಹೇಳಿಕೊಂಡರೆ, ಮುಂದೇನಾಗುತ್ತದೆ ಎಂದು ಹೇಳುವ ವಿಜ್ಞಾನದ ಶಕ್ತಿಯೇ ಪೊಳ್ಳಾಗುತ್ತದೆ.

ಡಿ ಗ್ರೋಟ್ ಡಚ್ ಭಾಷೆಯಲ್ಲಿ ಬರೆದಿದ್ದರು. ಅದು ಇಂಗ್ಲಿಷಿಗೆ ಬಂದದ್ದು 2014ರಲ್ಲಿ. ಅಷ್ಟರಲ್ಲಿ ವೈದ್ಯಕೀಯ ಬೇರೊಂದು ದಾರಿಯಿಂದ ಅಲ್ಲಿಗೇ ಬಂದಿತ್ತು. ಅಮೆರಿಕ 2000ದಲ್ಲಿ ಔಷಧ ಪ್ರಯೋಗಗಳ ಸಾರ್ವಜನಿಕ ನೋಂದಣಿ ಪುಸ್ತಕವೊಂದನ್ನು ಅಂತರ್ಜಾಲದಲ್ಲಿ ತೆರೆಯಿತು. ಯಾವ ಔಷಧ, ಎಷ್ಟು ರೋಗಿಗಳು, ಯಾವುದನ್ನು ಅಳೆದು ಗೆಲುವು ಎನ್ನುತ್ತೀರಿ, ಎಲ್ಲವನ್ನೂ ಮೊದಲೇ ಬರೆಯಬೇಕು. ಹೀಗೆ ನೋಂದಾಯಿಸದ ಪ್ರಯೋಗಗಳನ್ನು ಪ್ರಕಟಿಸುವುದಿಲ್ಲ ಎಂದು 2005ರಿಂದ ಪ್ರಮುಖ ವೈದ್ಯಕೀಯ ಪತ್ರಿಕೆಗಳೂ ಪಟ್ಟು ಹಿಡಿದವು. ಇದರ ಫಲ ಅಳೆದವರು ರಾಬರ್ಟ್ ಕಪ್ಲಾನ್ ಮತ್ತು ವೆರೋನಿಕಾ ಅರ್ವಿನ್. ಅಮೆರಿಕದ ರಾಷ್ಟ್ರೀಯ ಹೃದಯ, ಶ್ವಾಸಕೋಶ ಮತ್ತು ರಕ್ತ ಸಂಸ್ಥೆ ಹಣ ಕೊಟ್ಟ 55 ದೊಡ್ಡ ಪ್ರಯೋಗಗಳನ್ನು ಅವರು ಸಾಲಾಗಿ ಇಟ್ಟು ನೋಡಿದರು. 2000ಕ್ಕೆ ಮುಂಚಿನ 30ರಲ್ಲಿ 17, ಅಂದರೆ 57 ಶೇಕಡಾ, ಚಿಕಿತ್ಸೆಯಿಂದ ಲಾಭವಿದೆ ಎಂದಿದ್ದವು. ಆಮೇಲಿನ 25ರಲ್ಲಿ ಹಾಗೆಂದದ್ದು 2 ಮಾತ್ರ, 8 ಶೇಕಡಾ. ಔಷಧಗಳು ಒಮ್ಮೆಲೇ ಕೆಟ್ಟುಹೋದವು ಎನ್ನಲು ಕಾರಣವಿಲ್ಲ. ಏನನ್ನು ಅಳೆಯುತ್ತೇವೆ ಎಂದು ಮೊದಲೇ ಬರೆದಿಡುವುದು ಈ ಇಳಿತಕ್ಕೆ ಒಂದು ಕಾರಣವಿರಬಹುದು ಎಂದರು ಲೇಖಕರು. ನನಗೂ ಹಾಗೇ ಅನಿಸುತ್ತದೆ. ನೂರಕ್ಕೆ ಎಂಟು ಎಂದರೆ ಸೋಲಿನಂತೆ ಕಾಣಬಹುದು. ಕೆಲಸ ಮಾಡದ ಮಾತ್ರೆಯನ್ನು ನುಂಗದೇ ಉಳಿದ ರೋಗಿಗೆ ಅದು ಸೋಲಲ್ಲ.

ಇದೇ ವಿಚಾರವನ್ನು ಕಾರ್ಡಿಫ್ ವಿಶ್ವವಿದ್ಯಾಲಯದ ಮನೋವಿಜ್ಞಾನಿ ಕ್ರಿಸ್ ಚೇಂಬರ್ಸ್ ಪ್ರಕಟಣೆಯ ಬಾಗಿಲಿಗೇ ತಂದರು. ಅವರ ಪ್ರಯತ್ನದಿಂದ 2013ರಲ್ಲಿ 'ಕಾರ್ಟೆಕ್ಸ್' ಪತ್ರಿಕೆ ಹೊಸ ಪದ್ಧತಿ ಆರಂಭಿಸಿತು. ಪ್ರಶ್ನೆಯನ್ನೂ ವಿಧಾನವನ್ನೂ ಮೊದಲು ಕಳಿಸಿ, ಚೆನ್ನಾಗಿದ್ದರೆ ಆಗಲೇ ಒಪ್ಪುತ್ತೇವೆ, ಫಲಿತಾಂಶ ಏನೇ ಬರಲಿ ಪ್ರಕಟಿಸುತ್ತೇವೆ. 2021ರಲ್ಲಿ ಬಂದ ಒಂದು ಹೋಲಿಕೆಯ ಪ್ರಕಾರ ಮನೋವಿಜ್ಞಾನದ ಸಾಮಾನ್ಯ ಪ್ರಬಂಧಗಳಲ್ಲಿ 96 ಶೇಕಡಾ ತಮ್ಮ ಊಹೆ ನಿಜವಾಯಿತು ಎಂದರೆ, ಈ ಪದ್ಧತಿಯಲ್ಲಿ ಹಾಗೆಂದದ್ದು 44 ಶೇಕಡಾ.

ಬರೆದಿಟ್ಟದ್ದನ್ನು ಯಾರೂ ತೆರೆದು ನೋಡದಿದ್ದರೆ ಮಾತ್ರ ಈ ಶ್ರಮವೆಲ್ಲ ವ್ಯರ್ಥ. ಆಕ್ಸ್‌ಫರ್ಡ್‌ನ ಬೆನ್ ಗೋಲ್ಡೇಕರ್ ತಂಡ ಐದು ಅಗ್ರ ವೈದ್ಯಕೀಯ ಪತ್ರಿಕೆಗಳ 67 ಪ್ರಯೋಗಗಳನ್ನು ಅವುಗಳ ನೋಂದಣಿಯೊಂದಿಗೆ ತಾಳೆ ನೋಡಿತು. ಪೂರ್ತಿ ಹೊಂದಿಕೊಂಡದ್ದು 9. ಉಳಿದವರು ಹೇಳಿದ್ದ 354 ಅಳತೆಗಳನ್ನು ಬಿಟ್ಟುಬಿಟ್ಟಿದ್ದರು, ಹೇಳದೇ ಇದ್ದ 357ನ್ನು ಸದ್ದಿಲ್ಲದೆ ಸೇರಿಸಿದ್ದರು.

ನಮ್ಮ ದೇಶದಲ್ಲೂ ಇಂಥ ನೋಂದಣಿ ಪುಸ್ತಕವಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಿಟಿಆರ್‌ಐ (ಕ್ಲಿನಿಕಲ್ ಟ್ರಯಲ್ಸ್ ರಿಜಿಸ್ಟ್ರಿ - ಇಂಡಿಯಾ) 2007ರ ಜುಲೈ 20ರಂದು ಶುರುವಾಯಿತು, 2009ರ ಜೂನ್ 15ರಿಂದ ಔಷಧ ಪ್ರಯೋಗಗಳಿಗೆ ನೋಂದಣಿ ಕಡ್ಡಾಯವಾಯಿತು. 2018ರ ಏಪ್ರಿಲ್‌ನಿಂದ, ಮೊದಲ ರೋಗಿ ಸೇರುವ ಮುಂಚೆ ಬಂದವನ್ನಷ್ಟೇ ಅದು ನೋಂದಾಯಿಸಿಕೊಳ್ಳುತ್ತದೆ. ಯಾರು ಬೇಕಾದರೂ ಹಣವಿಲ್ಲದೆ ತೆರೆದು ಓದಬಹುದು, ಬೆಂಗಳೂರು, ಮೈಸೂರು, ಮಂಗಳೂರಿನ ಆಸ್ಪತ್ರೆಗಳಲ್ಲಿ ನಡೆಯುವ ಪ್ರಯೋಗಗಳೂ ಅದರಲ್ಲಿವೆ. ನಿಮ್ಮನ್ನೋ ನಿಮ್ಮ ಮನೆಯವರನ್ನೋ ಔಷಧ ಪ್ರಯೋಗಕ್ಕೆ ಸೇರಿಸಿಕೊಳ್ಳುತ್ತೇವೆ ಎಂದು ಯಾರಾದರೂ ಕೇಳಿದರೆ, ಸಹಿ ಹಾಕುವ ಮುಂಚೆ ಸಿಟಿಆರ್‌ಐ ಸಂಖ್ಯೆ ಕೇಳಿ ಬರೆದುಕೊಳ್ಳಿ. ಏನನ್ನು ಅಳೆಯುತ್ತೇವೆ ಎಂದು ಅಲ್ಲಿ ಬರೆದಿದ್ದಾರೋ ಓದಿ. ಫಲಿತಾಂಶ ಬಂದ ದಿನ ಅದನ್ನೇ ಹೇಳಿದ್ದಾರೋ ಇಲ್ಲವೋ ಎಂದು ಕೇಳುವ ಹಕ್ಕು ನಿಮಗಿದೆ, ದಯವಿಟ್ಟು ಕೇಳಿ.