ನೀತಿ ಓದುವವರ ಬೇಸಿಗೆ ಮಲೆನಾಡಿನಲ್ಲಿ ಕಳೆಯಲಿ

ಸಾಗರ ತಾಲ್ಲೂಕಿನ ಒಂದು ಅಡಿಕೆ ಊರು ಆರು ದಶಕಕ್ಕೂ ಹಿಂದೆ ಸಮಾಜಶಾಸ್ತ್ರದ ಒಂದು ದೊಡ್ಡ ಸಿದ್ಧಾಂತವನ್ನೇ ಅಲುಗಾಡಿಸಿತ್ತು. ಅಮೆರಿಕದ ಮಾನವಶಾಸ್ತ್ರಜ್ಞ ಎಡ್ವರ್ಡ್ ಹಾರ್ಪರ್ 1950ರ ದಶಕದಲ್ಲಿ ಇಲ್ಲಿ ಬಂದು ನೆಲೆಸಿ, ತಾವು ಕಂಡ ಊರನ್ನು ‘ತೋಟಗದ್ದೆ’ ಎಂದು ಕರೆದು, 1959ರಲ್ಲಿ ‘ಅಮೆರಿಕನ್ ಆಂಥ್ರೊಪಾಲಜಿಸ್ಟ್’ ಪತ್ರಿಕೆಗೆ ಒಂದು ಲೇಖನ ಬರೆದರು. ಹಳ್ಳಿಯಲ್ಲಿ ದುಡಿಮೆಗೆ ಪ್ರತಿಫಲ ಹೇಗೆ ಸಲ್ಲುತ್ತದೆ ಎಂಬುದು ಅದರ ವಿಷಯ. ಅಷ್ಟರವರೆಗೆ ವಿದ್ವಾಂಸರಿಗೆ ಆಧಾರವಾಗಿದ್ದುದು, ಉತ್ತರ ಪ್ರದೇಶದ ಕರೀಂಪುರವನ್ನು ನೋಡಿ ವಿಲಿಯಂ ವೈಸರ್ 1936ರಲ್ಲಿ ಬರೆದ ಪುಸ್ತಕ. ಬಡಗಿ, ಕುಂಬಾರ, ಅಗಸ, ಕ್ಷೌರಿಕ ತಲೆತಲಾಂತರದಿಂದ ಅವೇ ಮನೆಗಳಿಗೆ ದುಡಿಯುತ್ತಾರೆ, ಸುಗ್ಗಿಯಲ್ಲಿ ಇಂತಿಷ್ಟು ಧಾನ್ಯ ಪಡೆಯುತ್ತಾರೆ, ಇದೇ ಭಾರತದ ಹಳ್ಳಿ ಎಂಬ ಪಾಠ ಎಲ್ಲೆಡೆ ನಡೆಯುತ್ತಿತ್ತು. ಹಾರ್ಪರ್‌ಗೆ ಇಲ್ಲಿ ಕಂಡದ್ದು ಬೇರೆಯೇ. ಅಡಿಕೆ ಮಾರಾಟಕ್ಕೆಂದೇ ಬೆಳೆಯುವ ಬೆಳೆ. ಅದರ ಕೆಲಸ ಹಂಗಾಮಿನಿಂದ ಹಂಗಾಮಿಗೆ ಏರುತ್ತದೆ, ಇಳಿಯುತ್ತದೆ. ಹಾಗಾಗಿ ಇಲ್ಲಿನ ಸಂಬಂಧಗಳು ಬಹುಮಟ್ಟಿಗೆ ನಗದು ಮತ್ತು ಕರಾರಿನ ಮೇಲೆ ನಿಂತಿದ್ದವು. ಅವರು ಇದನ್ನು ‘ಮಲೆನಾಡು’ ಪದ್ಧತಿ ಎಂದೇ ಕರೆದು, ವೈಸರ್ ವಿವರಿಸಿದ ಜಜಮಾನಿ ಪದ್ಧತಿಯ ಎದುರಿಗೆ ಇಟ್ಟು ತೂಗಿದರು. ಬಯಲಿನ ಒಂದು ಹಳ್ಳಿಯಿಂದ ಹುಟ್ಟಿದ ನಿಯಮ ಪಶ್ಚಿಮ ಘಟ್ಟದ ಅಂಚಿನಲ್ಲಿ ಎಡವಿತು.

ತೋಟಗದ್ದೆಯ ಕಥೆ ಮುಂದೆಯೂ ಕುತೂಹಲಕಾರಿಯಾಗಿದೆ. 1964ರಲ್ಲಿ ಹಾರ್ಪರ್ ಹವ್ಯಕರ ಮಡಿ–ಮೈಲಿಗೆಯ ಬಗ್ಗೆ ಇನ್ನೊಂದು ದೀರ್ಘ ಲೇಖನ ಬರೆದರು. ಜಾತಿ ಮತ್ತು ಧರ್ಮದ ನಂಟನ್ನು ವಿವರಿಸುವವರು ದಶಕಗಳ ಕಾಲ ಅದನ್ನು ಉಲ್ಲೇಖಿಸಿದರು. ಒಂದು ಸಾಮಾನ್ಯೀಕರಣವನ್ನು ಮುರಿದ ಊರೇ ಮತ್ತೊಂದು ಸಾಮಾನ್ಯೀಕರಣಕ್ಕೆ ಮೂಲವಾಯಿತು! ಬಳಿಕ ಹೆಲೆನ್ ಉಲ್‌ರಿಚ್ ‘ತೋಟಗದ್ದೆ’ ಎಂಬ ಅದೇ ಹೆಸರಿನಡಿ ಹೆಣ್ಣುಮಕ್ಕಳ ಬದುಕನ್ನು ದಶಕಗಳ ಉದ್ದಕ್ಕೂ ಗಮನಿಸಿ 2017ರಲ್ಲಿ ಪುಸ್ತಕ ತಂದರು. ಹೆಣ್ಣುಮಕ್ಕಳ ಶಿಕ್ಷಣ, ಮದುವೆಯ ವಯಸ್ಸು, ಮನೆಯೊಳಗಿನ ಅವರ ಮಾತಿನ ತೂಕ ಹೇಗೆ ಬದಲಾದವು ಎಂಬುದನ್ನು ಒಬ್ಬರೇ ಅಷ್ಟು ದೀರ್ಘಕಾಲ ಕಣ್ಣಾರೆ ಕಂಡು ಬರೆದದ್ದು ಅಪರೂಪ. ಇಷ್ಟೆಲ್ಲ ಬರಹ ಇಂಗ್ಲಿಷಿನಲ್ಲಿದೆ, ವಿಶ್ವವಿದ್ಯಾಲಯಗಳ ಗ್ರಂಥಾಲಯಗಳಲ್ಲಿದೆ. ಊರಿನ ಬಗ್ಗೆ ತಿಳಿದದ್ದು ಊರಿಗೆ ಮರಳಬೇಕೆಂಬ ಕರಾರು ಆಗ ಯಾರ ಮನಸ್ಸಿನಲ್ಲೂ ಇರಲಿಲ್ಲ. ಇಂದು ನೀತಿ ವಿದ್ಯಾರ್ಥಿಗಳ ಇಂಟರ್ನ್‌ಶಿಪ್‌ಗಳ ಬಗ್ಗೆ ಮಾತಾಡುವಾಗ ಆ ಕರಾರನ್ನು ಮೊದಲು ಬರೆದುಕೊಳ್ಳಬೇಕು.

ಸಾರ್ವಜನಿಕ ನೀತಿ ಈಗ ನಮ್ಮಲ್ಲಿ ಒಂದು ಓದಿನ ವಿಷಯ. ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲ್ 2014ರಲ್ಲಿ ಇದರಲ್ಲಿ ಸ್ನಾತಕೋತ್ತರ ಪದವಿ ಆರಂಭಿಸಿತು. ತಕ್ಷಶಿಲಾ, ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದಂಥ ಕಡೆ ಇದರ ಆಸುಪಾಸಿನ ಕೋರ್ಸುಗಳಿವೆ. ಬೇಸಿಗೆ ರಜೆ ಬಂದರೆ ಈ ವಿದ್ಯಾರ್ಥಿಗಳ ಕಣ್ಣು ದೆಹಲಿಯ ಕಡೆಗೆ, ನೀತಿ ಆಯೋಗದ ಕಡೆಗೆ, ಸಚಿವಾಲಯಗಳ ಕಡೆಗೆ. ಅಲ್ಲಿ ಕನಿಷ್ಠ ಆರು ವಾರ ಕೂತು ಕರಡು ಓದುತ್ತಾರೆ, ಟಿಪ್ಪಣಿ ಬರೆಯುತ್ತಾರೆ. ಅದು ವ್ಯರ್ಥವೆಂದು ಯಾರೂ ಹೇಳಲಾರರು. ಆದರೆ ನಿಯಮ ಹುಟ್ಟುವ ಕೋಣೆಯಲ್ಲಿ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಅದು ಎಡವುವ ಜಾಗವನ್ನು ನೋಡದವರಿಗೆ ನೀತಿಯ ಅರ್ಧ ಮಾತ್ರ ತಿಳಿದಿರುತ್ತದೆ. ಉಳಿದರ್ಧ ಕಲಿಯಲು ಸಾಗರ, ಹೊಸನಗರ, ತೀರ್ಥಹಳ್ಳಿಗಿಂತ ಒಳ್ಳೆಯ ಪಾಠಶಾಲೆ ಕರ್ನಾಟಕದಲ್ಲಿ ಸಿಗುವುದು ಕಷ್ಟ.

ರಸ್ತೆಯನ್ನೇ ನೋಡಿ. 2000ದಲ್ಲಿ ಆರಂಭವಾದ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆ ಬಯಲು ಸೀಮೆಯಲ್ಲಿ 500 ಜನರಿರುವ ಜನವಸತಿಗೆ, ಗುಡ್ಡಗಾಡು ರಾಜ್ಯ, ಮರುಭೂಮಿ ಮತ್ತು ಬುಡಕಟ್ಟು ಪ್ರದೇಶಗಳಲ್ಲಿ 250 ಜನರಿರುವ ಜನವಸತಿಗೆ ಎಂದು ಲೆಕ್ಕ ಹಾಕಿತು. ಕರ್ನಾಟಕ ಗುಡ್ಡಗಾಡು ರಾಜ್ಯಗಳ ಪಟ್ಟಿಯಲ್ಲಿಲ್ಲ. ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಆಗುಂಬೆ, ಕಡತದ ಮಟ್ಟಿಗೆ ಬಯಲು. ತೋಟಕ್ಕೊಂದು ಮನೆ, ಗುಡ್ಡದ ಆಚೆ ಇನ್ನೊಂದು ಮನೆ ಎಂಬಂತೆ ಹರಡಿಕೊಂಡಿರುವ ಈ ಸೀಮೆಯಲ್ಲಿ ಐನೂರು ಜನರನ್ನು ಒಂದೆಡೆ ಎಣಿಸುವುದು ಎಲ್ಲಿಂದ? ಮಳೆಗಾಲದಲ್ಲಿ ಮಕ್ಕಳು ಹಳ್ಳ ದಾಟಲು ಅಡಿಕೆ ಮರದ ಕಾಲುಸಂಕವೇ ಗತಿಯಾಗಿ ಉಳಿದುದಕ್ಕೆ ಹಣದ ಕೊರತೆಯಷ್ಟೇ ಈ ಎಣಿಕೆಯೂ ಕಾರಣ.

ಜಮೀನಿನ ವಿಷಯ ಇನ್ನೂ ಆಳದ್ದು. ಕಾಗೋಡು ಸತ್ಯಾಗ್ರಹ ಓದುಗರಿಗೆ ಗೊತ್ತಿರುವಂಥದ್ದೇ: 1951ರ ಹೋರಾಟ, ಲೋಹಿಯಾ ಅವರ ಆಗಮನ ಮತ್ತು ಬಂಧನ, ಮರುವರ್ಷ ಇದೇ ಸಾಗರ–ಹೊಸನಗರ ಕ್ಷೇತ್ರದಿಂದ ಆರಗದ ಶಾಂತವೇರಿ ಗೋಪಾಲಗೌಡರ ಗೆಲುವು, 1974ರಲ್ಲಿ ಜಾರಿಗೆ ಬಂದ ದೇವರಾಜ ಅರಸರ ಭೂಸುಧಾರಣೆ. ಆ ಹೋರಾಟದ ಬೇರಿನಲ್ಲಿ ಗೇಣಿ ಭತ್ತ ಅಳೆಯುವ ಕೊಳಗದ ಗಾತ್ರದ ತಕರಾರು ಇತ್ತೆಂಬುದನ್ನು ನೀತಿ ಓದುವವರು ಮರೆಯಬಾರದು. ಮೂರು ಸೇರಿನ ಕೊಳಗದಲ್ಲಿ ಅರ್ಧ ಸೇರು ಹೆಚ್ಚು ಹಿಡಿದರೆ, ಗೇಣಿಯ ಕರಾರಿನಲ್ಲಿ ಒಂದಕ್ಷರವೂ ಬದಲಾಗದೆ ಗೇಣಿ ಆರನೇ ಒಂದು ಪಾಲು ಏರುತ್ತದೆ. ರಾಜಧಾನಿಯಲ್ಲಿ ಕೂತು ಗೇಣಿ ದರದ ಕೋಷ್ಟಕ ನೋಡಿದವರಿಗೆ ಇದು ಎಂದೂ ಕಾಣಿಸದು. ಕಣದಲ್ಲಿ ನಿಂತವನಿಗೆ ಮಾತ್ರ ಕಾಣಿಸುತ್ತದೆ.

ಇಂದಿನ ಕೊಳಗ ಯಾವುದು? ಅರಣ್ಯ ಹಕ್ಕು ಕಾಯ್ದೆಯ 75 ವರ್ಷದ ಷರತ್ತು ಅಂಥದ್ದೊಂದು ಎಂದು ಧಾರಾಳವಾಗಿ ಹೇಳಬಹುದು. 2006ರ ಈ ಕಾಯ್ದೆ ಪರಿಶಿಷ್ಟ ಪಂಗಡಕ್ಕೆ ಸೇರದ ಅರಣ್ಯವಾಸಿಗಳು 2005ರ ಡಿಸೆಂಬರ್ 13ಕ್ಕೆ ಮೊದಲು ಮೂರು ತಲೆಮಾರು, ಅಂದರೆ 75 ವರ್ಷ, ಅರಣ್ಯದಲ್ಲಿ ನೆಲೆಸಿ ಅದನ್ನೇ ನಂಬಿ ಬದುಕಿದ್ದನ್ನು ತೋರಿಸಬೇಕೆನ್ನುತ್ತದೆ. ಲೆಕ್ಕ 1930ಕ್ಕೆ ಹೋಗುತ್ತದೆ. ಶರಾವತಿಗೆ ಲಿಂಗನಮಕ್ಕಿ ಅಣೆಕಟ್ಟು ಬಂದದ್ದು 1964ರಲ್ಲಿ. ಸಾಗರ, ಹೊಸನಗರದ ಊರುಗಳು ಮುಳುಗಿ, ಜನರು ಹೊಸ ಕಾಡಿನಂಚಿಗೆ ಎತ್ತಂಗಡಿಯಾದರು. ಹಾಗೆ ಬಂದ ಕುಟುಂಬ ಹೊಸ ನೆಲೆಯಲ್ಲಿ 1930ರ ಕುರುಹು ತರುವುದು ಹೇಗೆ? ಅವರಿಗಾಗಿ ರಾಜ್ಯ ಸರ್ಕಾರ ಹೊರಡಿಸಿದ ಡಿನೋಟಿಫಿಕೇಷನ್‌ಗಳು, 1980ರ ಅರಣ್ಯ ಸಂರಕ್ಷಣಾ ಕಾಯ್ದೆಯಡಿ ಕೇಂದ್ರದ ಒಪ್ಪಿಗೆ ಪಡೆಯದ ಕಾರಣಕ್ಕೆ ನ್ಯಾಯಾಲಯದಲ್ಲಿ ನಿಲ್ಲಲಿಲ್ಲ. ನಾಡಿಗೆ ವಿದ್ಯುತ್ ಕೊಟ್ಟವರ ಮೊಮ್ಮಕ್ಕಳು ಪಹಣಿಯಿಲ್ಲದೆ ಬೆಳೆಸಾಲಕ್ಕೂ ಅಲೆಯುತ್ತಾರೆ. ಕಾಯ್ದೆಯನ್ನು ಉದಾರವಾಗಿ ಓದಿದರೆ ದಾರಿ ಇರಬಹುದು. ಅರ್ಜಿ ವಜಾ ಮಾಡಿದ ಕಡತಗಳಲ್ಲಿ ಅದನ್ನು ಹೇಗೆ ಓದಿದ್ದಾರೆ, ಯಾವ ಕಾರಣ ಬರೆದಿದ್ದಾರೆ ಎಂದು ಒಂದು ಗ್ರಾಮ ಪಂಚಾಯಿತಿಯ ಮಟ್ಟಿಗೆ ಪಟ್ಟಿ ಮಾಡಿದರೂ ಅದು ಬೆಲೆಬಾಳುವ ಕೆಲಸ. ಆರು ವಾರ ಅದಕ್ಕೆ ಸಾಕು.

ಬೇಸಿಗೆಯಲ್ಲಿ ಮಲೆನಾಡಿಗೆ ಬಂದು ಏನು ಕಾಣುತ್ತಾರೆ, ಇಲ್ಲಿನ ಬದುಕು ಮಳೆಗಾಲದ್ದಲ್ಲವೇ ಎಂಬ ಆಕ್ಷೇಪ ಸಹಜ. ಕಾಲುಸಂಕದ ಮಟ್ಟಿಗೆ ಅದು ನಿಜ. ಜುಲೈನಲ್ಲಿ ಒಂದು ವಾರ ಮತ್ತೆ ಬರುವುದನ್ನು ಕಡ್ಡಾಯ ಮಾಡಿದರೆ ಸರಿಹೋಗುತ್ತದೆ. ಆದರೆ ಮಂಗನ ಕಾಯಿಲೆಯ ಕಾಲವೇ ಬೇಸಿಗೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಈ ರೋಗ ಡಿಸೆಂಬರಿನಿಂದ ಮೇ ತನಕ ಕಾಡುತ್ತದೆ. 2018–19ರಲ್ಲಿ ಸಾಗರದ ಅರಳಗೋಡು ಸೀಮೆ ಅದರಿಂದ ತತ್ತರಿಸಿತು. ಹಿಂದಿನ ಲಸಿಕೆಯ ಪರಿಣಾಮದ ಬಗ್ಗೆ ಅನುಮಾನ ಎದ್ದು ಅದು ನಿಂತುಹೋಗಿದೆ. ಕಾಡಿಗೆ ಹೋಗಬೇಡಿ, ಹೋದರೆ ಉಣುಗು ಕಚ್ಚದಂತೆ ಎಣ್ಣೆ ಹಚ್ಚಿಕೊಳ್ಳಿ ಎಂಬುದೇ ಈಗಿನ ಸಲಹೆ. ಕೊಟ್ಟಿಗೆಗೆ, ತೋಟಕ್ಕೆ ಸೊಪ್ಪು ಮತ್ತು ತರಗೆಲೆ ಬೇಕಾದ ಮನೆ ಕಾಡಿಗೆ ಹೋಗದೆ ಇರುವುದು ಹೇಗೆ, ಎಣ್ಣೆ ಯಾರ ಮನೆಗೆ ತಲುಪಿತು, ಯಾರು ಹಚ್ಚಿಕೊಂಡರು, ಯಾಕೆ ಬಿಟ್ಟರು? ಈ ಪ್ರಶ್ನೆಗಳಿಗೆ ಪ್ರಯೋಗಾಲಯದಲ್ಲಿ ಉತ್ತರವಿಲ್ಲ. ಆಶಾ ಕಾರ್ಯಕರ್ತೆಯ ಜೊತೆ ಮನೆಮನೆ ನಡೆದರೆ ಉತ್ತರ ಸಿಗುತ್ತದೆ.

ಹೊರಗಿನ ವಿದ್ಯಾರ್ಥಿಗೆ ಭಾಷೆ ಬರುವುದಿಲ್ಲ, ಎರಡು ತಿಂಗಳಲ್ಲಿ ಊರು ಅರ್ಥವಾಗುವುದಿಲ್ಲ ಎಂಬ ಮಾತು ಹೆಚ್ಚು ಗಟ್ಟಿಯಾದದ್ದು. ಅದಕ್ಕೆ ಪರಿಹಾರ ಇಲ್ಲಿಯೇ ಇದೆ. ಸಾಗರದ ಲಾಲ್ ಬಹದ್ದೂರ್ ಕಾಲೇಜು, ತೀರ್ಥಹಳ್ಳಿಯ ತುಂಗಾ ಮಹಾವಿದ್ಯಾಲಯ, ಹೊಸನಗರದ ಕೊಡಚಾದ್ರಿ ಸರ್ಕಾರಿ ಕಾಲೇಜಿನ ಒಬ್ಬ ವಿದ್ಯಾರ್ಥಿಯನ್ನು ಪ್ರತಿ ಹೊರಗಿನವರ ಜೊತೆ ಜೋಡಿಸಲಿ, ಇಬ್ಬರಿಗೂ ಸಮಾನ ಭತ್ಯೆ, ಸಮಾನ ಪ್ರಮಾಣಪತ್ರ ಕೊಡಲಿ. ಊರಿನ ಹುಡುಗಿ ಬರೀ ದುಭಾಷಿಯಾಗಿ ಉಳಿಯದೆ, ವರದಿಯ ಮೇಲೆ ಅವಳ ಹೆಸರೂ ಬರಲಿ. ಭತ್ಯೆಯ ಮಾತನ್ನು ಒತ್ತಿ ಹೇಳಬೇಕು. ನೀತಿ ಆಯೋಗದ ಇಂಟರ್ನ್‌ಶಿಪ್‌ಗೆ ಸಂಭಾವನೆ ಇಲ್ಲ. ದೆಹಲಿಯಲ್ಲಿ ಎರಡು ತಿಂಗಳ ಬಾಡಿಗೆ, ಊಟ ಭರಿಸಬಲ್ಲ ಮನೆಯ ಮಕ್ಕಳಿಗೆ ಮಾತ್ರ ಅದು ದಕ್ಕುತ್ತದೆ. ಬೇಸಿಗೆಯಲ್ಲಿ ಕೂಲಿಗೋ ಅಂಗಡಿ ಕೆಲಸಕ್ಕೋ ಹೋಗಿ ಫೀಸು ಹೊಂದಿಸುವ ಮಕ್ಕಳು ಇಂಥ ಅವಕಾಶದಿಂದ ಹೊರಗೇ ಉಳಿಯುತ್ತಾರೆ. ಮುಂದೆ ನೀತಿ ರೂಪಿಸುವ ಮೇಜಿನ ಸುತ್ತಲೂ ಅವರು ಇರುವುದಿಲ್ಲ.

ತಹಶೀಲ್ದಾರ್ ಕಚೇರಿ, ಪಿಡಿಒ, ಸರ್ವೆಯರ್‌ಗಳಿಗೆ ಇರುವ ಕೆಲಸವೇ ಹೊರಲಾರದಷ್ಟಿದೆ, ಅದರ ಮೇಲೆ ವಿದ್ಯಾರ್ಥಿಗಳ ಹೊರೆ ಯಾಕೆ ಎಂದು ಕೇಳುವವರಿದ್ದಾರೆ. ಇದಕ್ಕೆ ಕೃಷಿ ಶಿಕ್ಷಣದಲ್ಲಿ ಸಿದ್ಧ ಉತ್ತರವಿದೆ. 1992ರ ರಾಂಧವ ಸಮಿತಿಯ ಶಿಫಾರಸಿನ ಮೇಲೆ ದೇಶದ ಕೃಷಿ ಪದವಿಗಳಲ್ಲಿ ಗ್ರಾಮೀಣ ಕಾರ್ಯಾನುಭವ ಕಾರ್ಯಕ್ರಮ ನೆಲೆಯೂರಿತು. ಅಂತಿಮ ವರ್ಷದವರು ಹಳ್ಳಿಯಲ್ಲಿ ಉಳಿದು ರೈತರೊಡನೆ ಕೆಲಸ ಮಾಡುತ್ತಾರೆ, ಮಾರ್ಗದರ್ಶಕರು ಬಂದು ನೋಡುತ್ತಾರೆ, ಅಂಕ ಕೊಡುತ್ತಾರೆ. ಇರುವಕ್ಕಿಯಲ್ಲಿ ನೆಲೆ ಪಡೆದ ಕೆಳದಿ ಶಿವಪ್ಪ ನಾಯಕ ವಿಶ್ವವಿದ್ಯಾಲಯವೂ ಇದೇ ಪರಂಪರೆಯದ್ದು, ಅದು ಇರುವುದೂ ಸಾಗರ ತಾಲ್ಲೂಕಿನಲ್ಲೇ. ಅಲ್ಲಿ ಹೊಣೆ ಹೊರುವುದು ವಿಶ್ವವಿದ್ಯಾಲಯ, ಇಲಾಖೆ ಸಹಕರಿಸುತ್ತದೆ. ಇಲ್ಲೂ ಹಾಗೇ ಆಗಬೇಕು: ಪ್ರಶ್ನೆಯನ್ನು ಗ್ರಾಮ ಪಂಚಾಯಿತಿ ಕೊಡಲಿ, ಮೇಲುಸ್ತುವಾರಿ ಅಧ್ಯಾಪಕರದ್ದಾಗಿರಲಿ, ಖಾಲಿ ಹುದ್ದೆ ತುಂಬಲು ವಿದ್ಯಾರ್ಥಿಯನ್ನು ಬಳಸುವಂತಿಲ್ಲ ಎಂಬುದು ಲಿಖಿತವಾಗಿರಲಿ. ವರದಿ ಕನ್ನಡದಲ್ಲಿರಬೇಕು. ಅದನ್ನು ಗ್ರಾಮಸಭೆಯಲ್ಲಿ ಓದಿ, ತಪ್ಪೆಂದು ಜನ ಹೇಳಿದ್ದನ್ನು ತಿದ್ದಿ, ಪಂಚಾಯಿತಿಯ ಅರಿವು ಕೇಂದ್ರದಲ್ಲಿ ಒಂದು ಪ್ರತಿ ಇಡಬೇಕು.

ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯ, ಜಿಲ್ಲಾ ಪಂಚಾಯಿತಿ ಮತ್ತು ಬೆಂಗಳೂರಿನ ಒಂದು ನೀತಿ ಶಾಲೆ, ಈ ಮೂವರು ಕೂತು ಒಪ್ಪಂದ ಮಾಡಿಕೊಂಡರೆ ಕೆಲಸ ಶುರುವಾಗುತ್ತದೆ. ಹೊಸ ಕಾನೂನೇನೂ ಬೇಡ. ಮೊದಲ ವರ್ಷ ತಾಲ್ಲೂಕಿಗೆ ಒಂದೇ ಪಂಚಾಯಿತಿ ಸಾಕು. ರಾಜ್ಯಶಾಸ್ತ್ರ, ಅರ್ಥಶಾಸ್ತ್ರ ಕಲಿಸುವ ಈ ಮೂರು ತಾಲ್ಲೂಕುಗಳ ಅಧ್ಯಾಪಕರು ರಜೆ ಬರುವುದನ್ನು ಕಾಯದೆ, ಜನವರಿಯ ಗ್ರಾಮಸಭೆಗಳ ಹೊತ್ತಿಗೇ ತಮ್ಮ ಪಂಚಾಯಿತಿಗೆ ಒಂದು ಪತ್ರ ಬರೆದು, ಯಾವ ಪ್ರಶ್ನೆಗೆ ಉತ್ತರ ಬೇಕು ಎಂದು ಕೇಳಲಿ.