ವಾಟ್ಸ್ಆ್ಯಪ್‌ಗೂ ಸ್ವಂತ ಸರ್ವರ್‌ಗೂ ಬ್ರಿಡ್ಜ್: ಬೀಗದಕೈ ಯಾರ ಹತ್ತಿರ?

ಪಾವಗಡ ತಾಲ್ಲೂಕಿನ ವೈ.ಎನ್. ಹೊಸಕೋಟೆ ರೇಷ್ಮೆ ಸೀರೆ ನೇಯುವ ಊರು. ಮಗ್ಗದ ಕೂಲಿ, ಸೀರೆಯ ಫೋಟೊ, ಸಭೆಯ ಸುದ್ದಿ ಎಲ್ಲ ಓಡಾಡೋದು ವಾಟ್ಸ್ಆ್ಯಪ್‌ನಲ್ಲೇ. ಇಂಥ ಕಡೆ ನಿಂತು ‘ನಮ್ಮದೇ ಚಾಟ್ ಸರ್ವರ್ ಮಾಡೋಣ’ ಅಂದರೆ ಬರುವ ಮೊದಲ ಮಾತು: “ಇನ್ನೊಂದ್ ಆ್ಯಪ್ ಯಾರ್ ಹಾಕ್ಕೋತಾರಣ್ಣ?”

ಪ್ರಶ್ನೆ ನ್ಯಾಯವಾದದ್ದೇ. ಯಾರೂ ವಾಟ್ಸ್ಆ್ಯಪ್ ಬಿಡಬೇಕಿಲ್ಲ, ಎರಡರ ನಡುವೆ ಬ್ರಿಡ್ಜ್ ಹಾಕಬಹುದು.

ಮ್ಯಾಟ್ರಿಕ್ಸ್ ಎನ್ನುವುದು 2014ರಲ್ಲಿ ಶುರುವಾದ ಮುಕ್ತ ಪ್ರೋಟೊಕಾಲ್. ಫ್ರಾನ್ಸ್ ಸರ್ಕಾರ ತನ್ನ ನೌಕರರಿಗೆ ಕೊಟ್ಟಿರುವ ಮೆಸೆಂಜರ್ ಕೂಡ ಇದರ ಮೇಲೇ ನಿಂತಿದೆ. ಬಾಡಿಗೆ ಸರ್ವರ್‌ನಲ್ಲಿ ‘ಸಿನಾಪ್ಸ್’ ತಂತ್ರಾಂಶ ಹಾಕಿ, ಪಕ್ಕದಲ್ಲಿ ‘ಮೌಟ್ರಿಕ್ಸ್-ವಾಟ್ಸ್ಆ್ಯಪ್’ ಓಡಿಸಬೇಕು. ಬ್ರಿಡ್ಜ್ ಒಂದು ನೋಂದಣಿ ಫೈಲ್ ತಯಾರಿಸುತ್ತದೆ, ಅದನ್ನು ಸಿನಾಪ್ಸ್‌ಗೆ ತೋರಿಸಿಕೊಡಬೇಕು. ಆಮೇಲೆ ಫೋನಿನಿಂದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡೋದು, ವಾಟ್ಸ್ಆ್ಯಪ್ ವೆಬ್‌ಗೆ ಮಾಡ್ತೀವಲ್ಲ, ಹಾಗೇ. ಆ ಫೋನನ್ನು ಹದಿನಾಲ್ಕು ದಿನ ಬಳಸದೇ ಇಟ್ಟರೆ ಸಂಪರ್ಕ ಕಡಿದುಹೋಗುತ್ತದೆ.

ಇಲ್ಲಿಯವರೆಗೂ ತಂತ್ರಜ್ಞಾನ, ಇನ್ನು ಮುಂದಿನದು ರಾಜಕೀಯ.

ವಾಟ್ಸ್ಆ್ಯಪ್ ಸಂದೇಶ ಕಳಿಸಿದವರ ಫೋನಿನಲ್ಲಿ ಬೀಗ ಬಿದ್ದು, ತಲುಪಿದವರ ಫೋನಿನಲ್ಲಿ ತೆರೆಯುತ್ತದೆ. ಬ್ರಿಡ್ಜ್ ಬಂದರೆ ಆ ಬೀಗ ನಡುವೆಯೂ ಒಮ್ಮೆ ತೆರೆದುಕೊಳ್ಳುತ್ತದೆ. ಅಂದರೆ ಸರ್ವರ್ ನಡೆಸುವವನು ಮನಸ್ಸು ಮಾಡಿದರೆ ಎಲ್ಲ ಓದಬಹುದು. ಕಂಪನಿಯ ಕೈಯಿಂದ ತಪ್ಪಿಸಿಕೊಂಡು ಊರಿನ ಒಬ್ಬ ‘ಕಂಪ್ಯೂಟರ್ ಗೊತ್ತಿರೋ ಹುಡುಗ’ನ ಕೈಗೆ ಸಿಕ್ಕಿಬೀಳೋದನ್ನು ಸ್ವಾತಂತ್ರ್ಯ ಅಂತ ನಾನಂತೂ ಕರೆಯಲಾರೆ. ಗುಂಪಿನಲ್ಲಿ ಕೂಲಿ ಜಾಸ್ತಿ ಕೇಳುವ ನೇಕಾರರಿದ್ದರೆ, ಆ ಹುಡುಗ ಯಾರ ಮನೆಯವನು ಅನ್ನೋದೂ ಮುಖ್ಯವಾಗುತ್ತದೆ.

ಇನ್ನೊಂದು ತೊಡಕು: ಈ ಬ್ರಿಡ್ಜ್‌ಗೆ ವಾಟ್ಸ್ಆ್ಯಪ್‌ನ ಒಪ್ಪಿಗೆ ಇಲ್ಲ, ನಂಬರ್ ಬ್ಲಾಕ್ ಆಗಬಹುದು. ವ್ಯಾಪಾರದ ನಂಬರನ್ನು ಜೋಡಿಸಲೇಬೇಡಿ. ಟೆಲಿಗ್ರಾಂ ಈ ವಿಷಯದಲ್ಲಿ ವಾಸಿ, ಬಾಟ್‌ಗಳಿಗೆ ಅಧಿಕೃತ ದಾರಿ ಕೊಟ್ಟಿದೆ. ಯುರೋಪಿನಲ್ಲಿ ಡಿಜಿಟಲ್ ಮಾರ್ಕೆಟ್ಸ್ ಆ್ಯಕ್ಟ್ ಬೇರೆ ಮೆಸೆಂಜರ್‌ಗಳಿಗೆ ಬಾಗಿಲು ತೆರೆಯಬೇಕೆಂದು ವಾಟ್ಸ್ಆ್ಯಪ್ ಒಡೆಯ ಮೆಟಾವನ್ನು ಕಟ್ಟಿಹಾಕಿದೆ. ನಮ್ಮಲ್ಲಿ ಅಂಥ ಕಾನೂನಿಲ್ಲ. ಕೇಳುವವರೂ ಕಮ್ಮಿ.

ಅಲ್ಲಿಯವರೆಗೆ ನನ್ನ ಸಲಹೆ ಇಷ್ಟು. ಬ್ರಿಡ್ಜ್ ಹಾಕುವ ಮುಂಚೆ ಗುಂಪಿನಲ್ಲಿ ಹೇಳಿ, ಒಪ್ಪಿಗೆ ಕೇಳಿ. ಸರ್ವರ್‌ನ ಪಾಸ್‌ವರ್ಡ್ ಯಾರ ಹತ್ತಿರ ಇರಬೇಕು, ಹಳೇ ಸಂದೇಶ ಎಷ್ಟು ದಿನ ಉಳಿಯಬೇಕು ಅನ್ನೋದನ್ನು ಸಭೆಯಲ್ಲೇ ತೀರ್ಮಾನಿಸಿ. ಸಭೆಯ ದಿನ, ಸರ್ಕಾರದ ಆದೇಶದ ಪ್ರತಿ ಬ್ರಿಡ್ಜ್ ದಾಟಲಿ. ಯಾರು ಯಾರ ವಿರುದ್ಧ ದೂರು ಕೊಟ್ಟರು ಅನ್ನೋದು ಬೇಡ.